ಮಗನ ಪರವಾಗಿ ಒಂದು ಜಗಳ

ನಮ್ಮ ಮಾಮಾನನ್ನು ವಾದದಲ್ಲಿ ಸೋಲಿಸಿದವರು ಮುಂಬೈಯ ವೆಸ್ಟರ್ನ್ ಲೈನಿನಲ್ಲಿ ಯಾರೂ ಇಲ್ಲ. ಸೋಲಿಸಿದ್ದೇವೆ ಎಂದು ಹೇಳಿಕೊಳ್ಳುವವರು ಕೆಲವರಿದ್ದಾರೆ, ನಿಜ. ಅವರೆಲ್ಲ ವಾದ ಮುಗಿಯುವ ಮೊದಲೇ ದಾದರ್ ಸ್ಟೇಷನ್ನಿನಲ್ಲಿ ಇಳಿದುಹೋದವರು!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ವಿಜಯಪುರದವರು. ಚಿಕ್ಕ ವಯಸ್ಸಿನಲ್ಲೇ ಫೋರ್ಟಿನ ಒಂದು ಬ್ಯಾಂಕಿಗೆ ಕ್ಲರ್ಕಾಗಿ ಬಂದು, ಕಾಂದಿವಲಿಯಲ್ಲಿ ಮನೆ ಮಾಡಿ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಲೋಕಲ್‌ನಲ್ಲಿ ಓಡಾಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಕುಡಿತವಿಲ್ಲ, ಇಸ್ಪೀಟಿಲ್ಲ, ಗುಟಕಾ ಇಲ್ಲ. ಇದ್ದದ್ದು ಒಂದೇ ಚಟ: ಕುಸ್ತಿ. ಕುಸ್ತಿ ಎಂದರೆ ನಮ್ಮ ಕಡೆಯ ಕೆಂಪು ಮಣ್ಣಿನ ಕುಸ್ತಿ ಎಂದುಕೊಂಡಿರಾ? ಅಲ್ಲ. ಟಿವಿಯಲ್ಲಿ ಬರುತ್ತದಲ್ಲ, ಅಮೆರಿಕದ್ದು. ಹಗ್ಗ ಕಟ್ಟಿದ ಕಟ್ಟೆ, ಎಣ್ಣೆ ಹಚ್ಚಿದ ಮೈ, ಹೊಗೆ, ಹಾಡು, ಹೊಟ್ಟೆಯಗಲದ ಚಿನ್ನದ ಬಣ್ಣದ ಬೆಲ್ಟು. ಅದು!

ಯಾರು ಗೆದ್ದರು ಎಂಬುದು ಮಾಮಾನಿಗೆ ದೊಡ್ಡ ವಿಷಯವೇ ಅಲ್ಲ. ಆ ಕಂಪನಿಯವರು ಒಳ್ಳೆಯ ಪೈಲ್ವಾನರನ್ನು ಹೇಗೆ ಹಾಳು ಮಾಡುತ್ತಾರೆ ಎಂಬುದೇ ಅವರ ಜೀವಮಾನದ ಸಂಕಟ.

"ಆ ಗಡ್ಡದ ಹುಡುಗ ಇದ್ದಾನಲ್ಲ, ಅಂವ ಖರೇ ಕಲಾವಂತ. ಅವನ್ನ ಬರೋಬರ್ ಸೋಲಸ್ತಾರ. ಆ ಗುಡ್ಡದಂಥಾವಗ ಬೆಲ್ಟ್ ಕೊಡ್ತಾರ. ಅವಗ ನೆಟ್ಟಗ ನಡೀಲಿಕ್ಕೂ ಬರೂದಿಲ್ಲ! ಥೇಟ್ ನಮ್ಮ ಬ್ಯಾಂಕಿನ ಪ್ರಮೋಷನ್ ನೋಡು!"

ಒಮ್ಮೆ ಬೆಳಗಿನ ಲೋಕಲ್‌ನಲ್ಲಿ ಒಬ್ಬ ಯುವಕ ಧೈರ್ಯ ಮಾಡಿ, "ಅಂಕಲ್, ಅದೆಲ್ಲ ಮೊದಲೇ ಫಿಕ್ಸ್ ಆಗಿರುತ್ತದೆ" ಎಂದು ಹಿಂದಿಯಲ್ಲಿ ಹೇಳಿಬಿಟ್ಟನಂತೆ. ರೈಲಿನ ಇಡೀ ಡಬ್ಬಿಯೇ ಸ್ತಬ್ಧ! ಮಾಮಾ ಕನ್ನಡಕ ಸರಿಮಾಡಿಕೊಂಡು ತಮ್ಮ ವಿಜಯಪುರದ ಹಿಂದಿಯಲ್ಲಿ ಕೇಳಿದರಂತೆ, "ನಿನ್ನ ಮದುವೆ ಆಗಿದೆಯೇನಪ್ಪಾ?" ಆಗಿದೆ ಎಂದನವನು. "ಹುಡುಗಿ ಯಾರು ಅಂತ ಮೊದಲೇ ಫಿಕ್ಸ್ ಆಗಿತ್ತಲ್ಲ? ಆದರೂ ಮಂದಿ ನೋಡಲು ಬಂದರಲ್ಲ? ಅತ್ತರಲ್ಲ? ಊಟ ಮಾಡಿದರಲ್ಲ? ಮತ್ತೆ?" ಆ ಯುವಕ ಮರುದಿನದಿಂದ ಬೇರೆ ಡಬ್ಬಿಗೆ ಹತ್ತತೊಡಗಿದ.

ಇಂಥ ಮನುಷ್ಯನಿಗೆ ಹುಟ್ಟಿದ ಒಬ್ಬನೇ ಮಗ ಪವನ. ಅವನಿಗೆ ಕುಸ್ತಿ ಕಂಡರೆ ನಗು. ಅವನದು ಫುಟ್ಬಾಲು. ಇಂಗ್ಲೆಂಡಿನ ಒಂದು ಕೆಂಪು ಅಂಗಿಯ ತಂಡಕ್ಕೆ ಕಾಂದಿವಲಿಯಲ್ಲಿ ಕೂತು ಜೀವ ಬಿಡುತ್ತಿದ್ದ. ತಂಡ ಒಂದು ಕಾಲಕ್ಕೆ ಬಲು ದೊಡ್ಡದಂತೆ. ಪವನ ಬೆಂಬಲಿಸಲು ಶುರು ಮಾಡಿದ ಮೇಲೆ ನಾನು ಕೇಳಿದ್ದೆಲ್ಲ ಬರೀ ಸೋಲಿನ ಸುದ್ದಿ.

"ಪಪ್ಪಾ, ನಿಮ್ಮದು ನಾಟಕ" ಎನ್ನುತ್ತಿದ್ದ ಮಗ.

"ನಿಂದು? ಒಂದೂವರಿ ತಾಸು ಓಡಿ ಓಡಿ ಕಡೀಕ ಸೊನ್ನೆ-ಸೊನ್ನೆ! ನಮ್ಮ ಬ್ಯಾಂಕಿನ ಸೋಮವಾರಾನೂ ಇಷ್ಟ ಬ್ಯಾಸರ ಇರೂದಿಲ್ಲೋ!"

ಅಷ್ಟೇ ಮಾತು. ಆಮೇಲೆ ಅಪ್ಪ ಹಾಲ್‌ನ ಟಿವಿಯ ಮುಂದೆ, ಮಗ ಒಳಗಿನ ಕೋಣೆಯಲ್ಲಿ ಫೋನಿನ ಮುಂದೆ. ಜಗಳವಿಲ್ಲ, ಮನಸ್ತಾಪವಿಲ್ಲ. ಒಂದೇ ಮನೆಯಲ್ಲಿ ಎರಡು ಟಿವಿ ಚಾನೆಲ್ ಇದ್ದ ಹಾಗೆ ಇದ್ದರು.

ಒಂದು ಮಳೆಗಾಲದಲ್ಲಿ ಪವನನಿಗೆ ಜ್ವರ ಬಂತು. ಮುಂಬೈಯಲ್ಲಿ ಮಳೆಗಾಲದ ಜ್ವರ ಯಾರಿಗೆ ಬರುವುದಿಲ್ಲ? ಗುಳಿಗೆ ತಂದರು, ಗಂಜಿ ಮಾಡಿದರು. ಆಮೇಲೆ ರಕ್ತ ಪರೀಕ್ಷೆ, ಡೆಂಗ್ಯೂ, ಆಸ್ಪತ್ರೆ, ಐಸಿಯು. ಒಂದು ವಾರದೊಳಗೆ ಎಲ್ಲ ಮುಗಿಯಿತು. ಆ ಗಾಜಿನ ಬಾಗಿಲಿನ ಹೊರಗೆ ಮಾಮಾ ಡಾಕ್ಟರರ ಎದುರು ಬಾಯಿ ತೆರೆದು ನಿಂತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಆ ಮನೆ ಮಾತು ನಿಲ್ಲಿಸಿಬಿಟ್ಟಿತು. ಮಾಮಿ, ಮಾಮಾನ ಹೆಂಡತಿ, ಮೊದಲೇ ಮೆಲುಮಾತಿನವರು. ಈಗ "ಊಟಕ್ಕ ಏಳ್ರಿ", "ಹಾಲು ಬಂತು" ಎನ್ನುವುದರ ಆಚೆಗೆ ಅವರ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಕುಸ್ತಿಯ ಹೊತ್ತಿಗೆ ಟಿವಿ ಹಚ್ಚುವವರಿರಲಿಲ್ಲ. ನಾನು ಪವಾಯಿಯ ನಮ್ಮ ಮನೆಯಿಂದ ಭಾನುವಾರಕ್ಕೊಮ್ಮೆ ಹೋಗಿ ಇಬ್ಬರ ನಡುವೆ ಕೂತು, ಇಬ್ಬರೂ ಕೇಳಿಸಿಕೊಳ್ಳದ ಏನೇನೋ ಸುದ್ದಿ ಹೇಳಿ ಬರುತ್ತಿದ್ದೆ.

ಪವನನ ಫೋನು ಮಾತ್ರ ಜೀವಂತವಾಗಿತ್ತು. ಮಾಮಾ ಅದನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಆಸ್ಪತ್ರೆಗೆ ಹೋಗುವಾಗ, ಆಫೀಸಿಗೆ ತಿಳಿಸಿ ಎಂದು ಅದನ್ನು ತೆರೆಯುವ ಗುಟ್ಟು ಹೇಳಿಕೊಟ್ಟಿದ್ದನಂತೆ ಅವನು.

ಒಂದು ಸಂಜೆ ಅದು ಟಿಣ್ ಎಂದಿತು. ಆ ಕೆಂಪು ತಂಡದ ಅಭಿಮಾನಿಗಳದೊಂದು ವಾಟ್ಸಾಪ್ ಗುಂಪು. ಮುಂಬೈಯ ಮೂಲೆಮೂಲೆಯವರು, ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅದರಲ್ಲಿ 'ಟೈಗರ್' ಎಂಬ ಹೆಸರಿನವರೊಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದರು: "ಪವನ್, ಎಲ್ಲಿ ಓಡಿಹೋದೆ ಹೇಡಿ? ನಮ್ಮ ತಂಡದ ನಿನ್ನ ಪ್ರೀತಿಯ ಮ್ಯಾನೇಜರ್ ನಿನ್ನೆ ಮತ್ತೆ ಮಣ್ಣು ಮುಕ್ಕಿದ. ಮುಖ ತೋರಿಸೋಕೆ ನಾಚಿಕೆಯಾ?"

ಹೇಡಿ! ಮಾಮಾ ಅದನ್ನು ಮತ್ತೆ ಮತ್ತೆ ಓದಿದರಂತೆ. ಬೇರೆ ಯಾವ ಅಪ್ಪನಾದರೂ ಏನು ಮಾಡುತ್ತಿದ್ದ? ಫೋನು ಆರಿಸಿಡುತ್ತಿದ್ದ. ಅಥವಾ, ಹೀಗೀಗಾಯಿತಪ್ಪ ಎಂದು ತಿಳಿಸುತ್ತಿದ್ದ. ನಮ್ಮ ಮಾಮಾ ಕೂತು ಉತ್ತರ ಬರೆದರು. ಬ್ಯಾಂಕಿನ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: "ಮಾನ್ಯರೇ, ನಾನು ಎಲ್ಲಿಗೂ ಓಡಿಹೋಗಿಲ್ಲ. ಸದರಿ ಮ್ಯಾನೇಜರರ ಬಗ್ಗೆ ನನ್ನ ಅಭಿಪ್ರಾಯದಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ. ತಾವು ಬಳಸಿದ ಶಬ್ದವನ್ನು ಹಿಂತೆಗೆದುಕೊಳ್ಳಲು ವಿನಂತಿ. ಧನ್ಯವಾದಗಳೊಂದಿಗೆ, ಪವನ್."

ಮರುಕ್ಷಣ ಟೈಗರಿನ ಉತ್ತರ: "ಹಿಂತೆಗೆಯೋದಿಲ್ಲ, ಏನ್ ಮಾಡ್ತೀಯೋ ಮಾಡು!"

ಏನು ಮಾಡುವುದು? ಜಗಳ ಶುರುವಾಯಿತು!

ಆದರೆ ಮಾಮಾನಿಗೆ ಫುಟ್ಬಾಲಿನ ಗಂಧಗಾಳಿಯೂ ಇಲ್ಲವಲ್ಲ. ಮರು ಭಾನುವಾರ ಬಸ್ಸು ಹಿಡಿದು ಪವಾಯಿಯ ನಮ್ಮ ಮನೆಗೇ ಬಂದರು. ನನ್ನ ಗಂಡ ಫುಟ್ಬಾಲ್ ನೋಡುವವನು. ಅವನನ್ನು ಊಟದ ಟೇಬಲ್ಲಿಗೆ ಕೂರಿಸಿ, "ಶುರುವಿನಿಂದ ಹೇಳು, ಅರ್ಧಕ್ಕ ಬಿಡಬ್ಯಾಡ" ಎಂದರು. ಅವನು ಸ್ಟೀಲ್ ಬಟ್ಟಲು, ಉಪ್ಪಿನಕಾಯಿ ಭರಣಿಗಳನ್ನೆಲ್ಲ ಆಟಗಾರರನ್ನಾಗಿ ನಿಲ್ಲಿಸಿ ಆಫ್‌ಸೈಡ್ ವಿವರಿಸಿದ. ಎಲ್ಲರೂ ಈಚೆ ಇರುವಾಗ ಒಬ್ಬನೇ ಆಚೆ ಹೋಗಿ ಚೆಂಡಿಗೆ ಕಾಯುತ್ತ ನಿಂತರೆ ತಪ್ಪು ಎಂದ. ಮಾಮಾ ಬಹಳ ಹೊತ್ತು ಭರಣಿಯನ್ನೇ ನೋಡಿ, "ಅಂದ್ರ ಲೋಕಲ್ ಬರೂಕಿಂತ ಮೊದಲs ರೈಲಿನ ಪಟ್ರಿ ದಾಟಿ, ಆ ಕಡೀಂದ ಹತ್ತಿ ಸೀಟ್ ಹಿಡದಂಗ" ಎಂದರು. ಇಷ್ಟು ಸರಿಯಾಗಿ ಆಫ್‌ಸೈಡ್ ವಿವರಿಸಿದ್ದನ್ನು ನಾನು ಕೇಳಿಯೇ ಇಲ್ಲ ಎಂದ ನನ್ನ ಗಂಡ.

ಆಮೇಲೆ ನಮ್ಮ ಮನೆಯ ಟಿವಿಯಲ್ಲೇ ಪಂದ್ಯ ನೋಡುವುದು ಶುರುವಾಯಿತು. ನೋಡುವ ಕಣ್ಣು ಮಾತ್ರ ಕುಸ್ತಿಯದೇ! ಎದುರಾಳಿ ಮುಟ್ಟದಿದ್ದರೂ ಒಬ್ಬ ಆಟಗಾರ ಕಾಲು ಹಿಡಿದುಕೊಂಡು ಉರುಳಾಡಿದರೆ ಮಾಮಾ ಬೆರಗಾಗಿ, "ಆಹಾ, ಏನ್ ಬಿದ್ದಾನ! ನಮ್ಮ ಪೈಲ್ವಾನರು ಬಂದು ಇವನ ಕಡೆ ಕಲೀಬೇಕು" ಎನ್ನುವರು. ಚೆನ್ನಾಗಿ ಆಡುವ ಹುಡುಗನೊಬ್ಬನನ್ನು ಹೊರಗೆ ಕೂರಿಸಿದರೆ ಅವರ ಹಳೆಯ ಸಂಕಟ ಉಕ್ಕಿ ಬರುವುದು. "ಮಂದಿ ಚಪ್ಪಾಳಿ ಯಾರಿಗೆ ಬೀಳ್ತಾವ ನೋಡ್ರೋ! ಅವನ್ನ ಮುಂದ ತರ್ರೋ!"

ನೀವು ನಗುತ್ತಿರಬಹುದು. ನಾವೂ ನಗುತ್ತಿದ್ದೆವು. ಮಾಮಾ ಬಸ್ಸು ಹತ್ತಿದ ಮೇಲೆ ನಾನೂ ನನ್ನ ಗಂಡನೂ ಮೆಟ್ಟಿಲು ಹತ್ತುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಪವನನ ನಿಲುವು ಇಷ್ಟು: ಮ್ಯಾನೇಜರ್ ಎಂದರೆ ತಂಡ ಕಟ್ಟುವವ, ಆಡಿಸುವವ, ಸೋತರೆ ಬೈಸಿಕೊಳ್ಳುವವ. ಈಗಿರುವವನು ಎಳೆಯ ಹುಡುಗರನ್ನು ಬೆಳೆಸುತ್ತಿದ್ದಾನೆ, ಅವನಿಗೆ ಸಮಯ ಕೊಡಿ. ಟೈಗರಿನ ನಿಲುವು: ಇವತ್ತೇ ಕಿತ್ತು ಬಿಸಾಡಿ. ಮಗನ ಮಾತಿಗೆ ಕುಂದು ಬರಬಾರದೆಂದು ಮಾಮಾ ಗುಂಪಿನ ಹಳೆಯ ಮಾತುಗಳನ್ನೆಲ್ಲ ಹಿಂದಕ್ಕೆ ಸರಿಸಿ ಸರಿಸಿ ಓದಿದರು. ಅಲ್ಲಿ ಅವರಿಗೆ ಗೊತ್ತಿಲ್ಲದ ಮಗನೊಬ್ಬನಿದ್ದ. ಬಾಯಿ ಜೋರು, ಮಾತಿಗೆ ಮಾತು, ಎದುರಿನವನು ನಕ್ಕು ಸಾಕಾಗುವ ಹಾಗೆ ತಿವಿಯುವುದು.

"ತಂಗಿ, ನನ್ನ ಮುಂದ ಇಂವ ಇಷ್ಟ ಮಾತಾಡಿದಾಂವನs ಅಲ್ಲ ನೋಡು" ಎಂದರು ಒಂದು ದಿನ ನನಗೆ (ಅಕ್ಕನ ಮಗಳೂ ನಮ್ಮ ಕಡೆ 'ತಂಗಿ'ಯೇ). ಹೆಮ್ಮೆಯೋ ದೂರೋ ತಿಳಿಯಲಿಲ್ಲ.

ಮಾಮಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ. ಫೋನು ಟಿಣ್ ಎಂದರೆ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರು. ಸತ್ತ ಮಗನ ಹೆಸರಿನಲ್ಲಿ ಜಗಳವಾಡುವ ಗಂಡನ ಮೇಲೆ ಸಿಟ್ಟು ಎಂದು ನಾನು ತಿಳಿದಿದ್ದೆ. ಮಾಮಾನೂ ಹಾಗೇ ತಿಳಿದಿದ್ದರು.

ವರ್ಷ ತುಂಬಿತು. ಮೊದಲ ವರ್ಷದ ಶ್ರಾದ್ಧಕ್ಕೆ ಊರಿಂದ ನಾಲ್ಕಾರು ಜನ ಬಂದಿದ್ದರು. ಹಾಲ್‌ನಲ್ಲಿ ಆಚಾರ್ಯರು ಮಂತ್ರ ಹೇಳುತ್ತಿದ್ದಾರೆ. ಮಾಮಾ ಬರಿಮೈಯಲ್ಲಿ, ಬೆರಳಿಗೆ ದರ್ಭೆಯ ಉಂಗುರ ಹಾಕಿಕೊಂಡು ಕೂತಿದ್ದಾರೆ. ಮಗನಿಗೆ ಅಪ್ಪ ಮಾಡುವ ಶ್ರಾದ್ಧ. ನೋಡಲಾಗದೆ ಎಲ್ಲರೂ ನೆಲ ನೋಡುತ್ತಿದ್ದಾರೆ. ಆಗ ಕಪಾಟಿನ ಮೇಲಿನ ಫೋನು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಟಿಣ್ ಟಿಣ್ ಟಿಣ್, ನಿಲ್ಲುವ ಮಾತೇ ಇಲ್ಲ! ಮಾಮಾ ತಡೆದರು, ತಡೆದರು, ತಡೆಯಲಾಗಲಿಲ್ಲ. ಎದ್ದು ಹೋಗಿ, ದರ್ಭೆಯ ಕೈಯಲ್ಲೇ ಫೋನು ಎತ್ತಿ ನೋಡಿ, ಗೋಡೆಗೆ ಒರಗಿಬಿಟ್ಟರು.

"ತಗದಬಿಟ್ರು" ಎಂದರು.

ಆಚಾರ್ಯರು ಗಾಬರಿಯಾದರು. "ಯಾರನ್ನ ತಗದ್ರು? ಎಲ್ಲಿಂದ ತಗದ್ರು?"

"ಮ್ಯಾನೇಜರನ್ನ."

"ನಿಮ್ಮ ಬ್ಯಾಂಕಿಂದೇನು?"

ಮಾಮಾ ಆ ಕೈಯಿಂದಲೇ ಕುಟುಕುಟು ಏನೋ ಬರೆದರು. ಬರೆಯುತ್ತ ಬರೆಯುತ್ತ ಅಳತೊಡಗಿದರು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಸ್ಮಶಾನದಲ್ಲಿ ಅತ್ತಿರಲಿಲ್ಲ. ಇಡೀ ವರ್ಷದಲ್ಲಿ ಅವರು ಅತ್ತಿದ್ದು ಅದೇ ಮೊದಲು. ಬಂದಿದ್ದ ನೆಂಟರು, ಪಾಪ, ಮಗನ ನೆನಪಾಯಿತೆಂದು ತಾವೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಬ್ಬ ದೊಡ್ಡಪ್ಪ ಮಾತ್ರ ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ, "ಇವನ ತಲಿ ನೆಟ್ಟಗಿಲ್ಲ, ಯಾರಿಗರೆ ತೋರಸ್ರಿ" ಎಂದರು. ಇಂಗ್ಲೆಂಡಿನ ಯಾವನೋ ಒಬ್ಬನ ನೌಕರಿ ಹೋದದ್ದಕ್ಕೆ ಕಾಂದಿವಲಿಯಲ್ಲಿ ಪಿಂಡದ ಮುಂದೆ ಅಳುವವನನ್ನು ಯಾವ ಡಾಕ್ಟರಿಗೆ ತೋರಿಸುವುದು?

ಇದಾಗಿ ಸ್ವಲ್ಪ ದಿನಕ್ಕೆ ಗುಂಪಿನವರು ಎಲ್ಲರೂ ಒಂದು ಕಡೆ ಸೇರಿ ಪಂದ್ಯ ನೋಡೋಣ ಎಂದು ನಿಶ್ಚಯಿಸಿದರು. ಪವಾಯಿಯ ಕೆರೆಯ ಹತ್ತಿರದ ಒಂದು ಹೋಟೆಲಿನಲ್ಲಿ, ಶನಿವಾರ ಸಂಜೆ. "ಪವನ್, ನೀನು ಬರಲೇಬೇಕು" ಎಂದು ಟೈಗರ್ ಬರೆದರು.

"ಇನ್ನ ಸಾಕು. ಹೋಗಿ ಹೇಳಿಬಿಡ್ತೇನಿ. ನೀ ಜೋಡಿ ಬಾ" ಎಂದರು ಮಾಮಾ.

ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕಿಸೆಯಲ್ಲಿ ಪೆನ್ನು. ಕೆಂಪು ಅಂಗಿಯ ಹುಡುಗ ಹುಡುಗಿಯರಿಂದ ತುಂಬಿದ ಆ ಹೋಟೆಲಿನಲ್ಲಿ ಮಾಮಾ ತನಿಖೆಗೆ ಬಂದ ಅಧಿಕಾರಿಯ ಹಾಗೆ ಕಾಣುತ್ತಿದ್ದರು. ಬಾಗಿಲಲ್ಲೇ ನಿಂತು, "ಇಲ್ಲಿ ಟೈಗರ್ ಅನ್ನುವವರು ಯಾರು?" ಎಂದು ಹಿಂದಿಯಲ್ಲಿ ಕೇಳಿದರು.

ಎದ್ದು ಬಂದವಳು ದಪ್ಪ ಕನ್ನಡಕದ, ಸಣ್ಣ ದೇಹದ ಹುಡುಗಿ! ವರ್ಷವಿಡೀ ಮಾಮಾನ ರಕ್ತ ಕುದಿಸಿದ ಹುಲಿ ಅವಳು. ಮಾಮಾನನ್ನು ನೋಡಿದ್ದೇ ಅವಳ ಮುಖ ಸಣ್ಣಗಾಯಿತು.

"ನಮಸ್ಕಾರ, ಅಂಕಲ್. ಬನ್ನಿ, ಕೂತ್ಕೊಳ್ಳಿ" ಎಂದಳು, ಕನ್ನಡದಲ್ಲಿ.

ನಾವಿಬ್ಬರೂ ಬೆಪ್ಪಾದೆವು. ಅವಳ ಅಜ್ಜಿ ಉಡುಪಿಯವರಂತೆ. ಒಮ್ಮೆ ಸಿಟ್ಟಿನ ಭರದಲ್ಲಿ ಮಾಮಾ 'ಮಂಗ್ಯಾ' ಎಂದು ಬೈದು ಬರೆದಿದ್ದರು. ಇದು ಕನ್ನಡವೇ ಎಂದು ಅವಳು ಆಗಲೇ ಗುರುತು ಹಿಡಿದಿದ್ದಳು.

ಮಾಮಾ ಕೂರಲಿಲ್ಲ. ಮನೆಯಲ್ಲಿ ಸಿದ್ಧ ಮಾಡಿಕೊಂಡು ಬಂದ ಮಾತು ಶುರು ಮಾಡಿದರು. "ನೋಡ್ರಿ, ಪವನ ಬಂದಿಲ್ಲ. ನಾನು ಅವನ ತಂದಿ. ಒಂದು ಮಾತು ನಿಮಗ..."

"ನಮ್ಗೆ ಗೊತ್ತಿತ್ತು, ಅಂಕಲ್."

"ಏನು ಗೊತ್ತಿತ್ತು?"

ಹುಡುಗಿ ನನ್ನನ್ನು ನೋಡಿದಳು. ಹೇಳು ಎಂದು ನಾನು ತಲೆಯಾಡಿಸಿದೆ. "ಪವನ್ ಇಲ್ಲ ಅಂತ. ಫಸ್ಟ್ ವೀಕೇ ಗೊತ್ತಾಯ್ತು. ಮತಲಬ್, ಅವನು ಯಾವತ್ತೂ ಧನ್ಯವಾದ ಹೇಳ್ತಿರ್ಲಿಲ್ಲ. ನಾವು ನೆಟ್‌ನಲ್ಲಿ ಹುಡುಕಿದ್ವಿ. ಅವನ ಆಫೀಸಿನ ಫ್ರೆಂಡ್ಸ್ ಫೋಟೋ ಹಾಕಿದ್ರು, ಹೂವು ಇಟ್ಟು."

"ಮತ್ತ ಇಷ್ಟು ದಿವಸ ನನ್ನ ಜೋಡಿ ಜಗಳ ಆಡಿದ್ರಲ್ಲಾ! ಎಷ್ಟು ಬೈದ್ರಿ!"

"ನಿಲ್ಸಿದ್ರೆ, ಅಂಕಲ್..." ಅವಳಿಗೆ ಕನ್ನಡ ಸಿಗಲಿಲ್ಲ. ಕೈ ಆಡಿಸಿದಳು. "ನಿಲ್ಸಿದ್ರೆ ನಿಮ್ಗೆ ಗೊತ್ತಾಗ್ತಿತ್ತಲ್ವಾ, ನಮ್ಗೆ ಗೊತ್ತಾಗಿದೆ ಅಂತ."

ಮಾಮಾ ಆಗ ಕುರ್ಚಿಯಲ್ಲಿ ಕೂತರು. ಯಾರೋ ಚಹಾ ತಂದಿಟ್ಟರು. ಪಂದ್ಯ ಶುರುವಾಯಿತು. ಕೆಂಪು ತಂಡ, ನೀವು ಊಹಿಸಿದಂತೆಯೇ, ಹೊಸ ಮ್ಯಾನೇಜರನ ಕೈಯಲ್ಲೂ ಸೋಲತೊಡಗಿತು. ಆ ಹುಡುಗಿ ಮಾತ್ರ ಅಂಥ ಹೊತ್ತಲ್ಲೂ ಹಟ ಬಿಡದೆ, "ಸಾರಿ ಅಂಕಲ್, ಆದ್ರೆ ಆ ಹಳೇ ಮ್ಯಾನೇಜರ್ ವಿಷಯದಲ್ಲಿ ಪವನ್ ರಾಂಗೇ. ಈಗಲೂ ಹೇಳ್ತೀನಿ. ನೀವು ಏನ್ ಅಂತೀರಿ? ಪವನ್ ಅಲ್ಲ, ನೀವು?" ಎಂದಳು.

ಮಾಮಾ ಆರಿದ ಚಹಾ ಎತ್ತಿಕೊಂಡರು. ಪಂದ್ಯ ಮುಗಿಯುವವರೆಗೂ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಹೊರಗೆ ಬಂದು ರಿಕ್ಷಾದಲ್ಲಿ ಕೂತು, ಕಾಂದಿವಲಿಯ ದಾರಿ ಹಿಡಿದ ಮೇಲೆ ತಾವಾಗಿಯೇ ಹೇಳಿದರು. ಸಿಗ್ನಲ್ಲಿನ ಗದ್ದಲದಲ್ಲಿ ನಾನು ಬಗ್ಗಿ ಕೇಳಬೇಕಾಯಿತು.

"ಆ ಹುಡುಗಿ ಹೇಳಿದ್ದು ಖರೇ ಅದ, ತಂಗಿ. ಆ ಮ್ಯಾನೇಜರನ್ನ ಎಂದೋ ತಗೀಬೇಕಾಗಿತ್ತು. ಎಷ್ಟೋ ತಿಂಗಳದಿಂದ ಗೊತ್ತದ ನನಗ. ಆದ್ರ ಅವನ ಹೆಸರಿನ್ಯಾಗ ಕೂತು ಅವನs ತಪ್ಪು ಅಂತ ಹೆಂಗ ಬರೀಲಿ?" ಕಿಸೆಯ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಅಂವ ಇದ್ದಾಗ ನನಗ ಏನೂ ಗೊತ್ತಿದ್ದಿಲ್ಲ. ಈಗ ಅವನ ಜೋಡಿ ಜಗಳ ಆಡೂವಷ್ಟು ಕಲತೀನಿ. ಇನ್ನ ಯಾರ ಜೋಡಿ ಆಡ್ಲಿ?"

ನಾನು ರಸ್ತೆಯ ಕಡೆ ಮುಖ ಮಾಡಿಕೊಂಡೆ.

ಮನೆಗೆ ಹೋದಾಗ ಮಾಮಿ ಅಡಿಗೆಮನೆಯಲ್ಲಿ ಜೋಳದ ಭಕ್ರಿ ಬಡಿಯುತ್ತಿದ್ದರು. ಮಾಮಾ ಬೂಟು ಬಿಚ್ಚಿ, ಎಂದೂ ಹೋಗದವರು ಅಡಿಗೆಮನೆಯ ಬಾಗಿಲಿಗೇ ಹೋಗಿ ನಿಂತರು. ಎಲ್ಲಿಗೆ ಹೋಗಿದ್ದೆ, ಯಾರನ್ನು ಕಂಡೆ, ಅವರೇನು ಹೇಳಿದರು, ಒಂದೂ ಬಿಡದೆ ಮಾಮಿಯ ಬೆನ್ನಿಗೆ ಹೇಳಿದರು. ಮಾಮಿ ತಿರುಗಲಿಲ್ಲ. ಭಕ್ರಿಯ ಸಪ್ಪಳ ನಿಲ್ಲಲಿಲ್ಲ.

"ಎಲ್ಲಾ ಆತು. ಆದ್ರ ನಮ್ಮ ಹುಡುಗಂದು ತಪ್ಪs ಇತ್ತು. ಆ ಮ್ಯಾನೇಜರ್ ಕೆಲಸಕ್ಕ ಬರಲಾರದಾಂವ" ಎಂದರು ಕೊನೆಗೆ.

ಸಪ್ಪಳ ನಿಂತಿತು.

"ಅವಂದೇನ್ ತಪ್ಪಿದ್ದಿಲ್ಲ" ಎಂದರು ಮಾಮಿ.

ಮಾಮಾ ನನ್ನನ್ನು ನೋಡಿದರು. ನಾನು ಮಾಮಾನನ್ನು ನೋಡಿದೆ.

"ಮ್ಯಾನೇಜರ್ ಏನ್ ಮಾಡ್ತಾನ್ರಿ? ಗೋಲ್ ಕಾಯೂ ಗೋಲಿ ನೆಟ್ಟಗಿದ್ದಿಲ್ಲ. ಛಲೋ ಗೋಲಿ ಬೇಕು ಅಂತ ಎರಡ ವರ್ಷ ಹೊಯ್ಕೊಂಡ ಅಂವ. ಮಾಲಕರು ಕೊಡ್ಲಿಲ್ಲ. ಹಿಂದ ಆಡೂ ಆ ಎತ್ತರದ ಹುಡುಗನ ಮೊಣಕಾಲು ಹೋತು. ಇಷ್ಟಾದ ಮ್ಯಾಲೆ ಸೋತ್ರ ಮ್ಯಾನೇಜರಂದು ತಪ್ಪೇನು?" ಮಾಮಿ ತಿರುಗಿ ನಿಂತಿದ್ದರು. ಕೈಯೆಲ್ಲ ಹಿಟ್ಟು. ಮಾತು ಎಲ್ಲೂ ತಡವರಿಸಲಿಲ್ಲ. "ತಿಳೀಲಾರದs ನಮ್ಮ ಹುಡುಗಂದು ತಪ್ಪು ಅನಬ್ಯಾಡ್ರಿ."

"ನಿನಗ... ನಿನಗಿದೆಲ್ಲಾ ಯಾರ ಹೇಳಿದ್ರು?"

"ಯಾರ್ ಹೇಳ್ತಾರ? ಅಂವನs. ನಾ ಭಕ್ರಿ ಬಡೀಲಿಕ್ಕೆ ನಿಂತ್ರ ಇಲ್ಲೆ ಕಟ್ಟಿ ಮ್ಯಾಲ ಹತ್ತಿ ಕೂತು ದಿನಾ ಇದs ಹೇಳ್ತಿದ್ದ. ಸಾಕೋ ಮಾರಾಯಾ ಅಂದ್ರೂ ಬಿಡ್ತಿದ್ದಿಲ್ಲ."

ಮಾಮಾ ಬಾಗಿಲಿನ ಚೌಕಟ್ಟು ಹಿಡಿದುಕೊಂಡೇ ಮೆಲ್ಲಗೆ ಕೆಳಗೆ ಕೂತರು. ಅಡಿಗೆಮನೆಯ ನೆಲದ ಮೇಲೆ, ಇಸ್ತ್ರಿಯ ಅಂಗಿಯಲ್ಲಿ.

"ಮತ್ತೇನೇನ್ ಹೇಳ್ತಿದ್ದ?" ಎಂದರು.

ಮಾಮಿ ಕೈ ಒರೆಸಿಕೊಂಡು ಅವರ ಎದುರು ಬಂದು ಕೂತರು. ಒಲೆಯ ಮೇಲೆ ಭಕ್ರಿ ಹೊತ್ತುತ್ತಿತ್ತು. ನಾನೇ ಹೋಗಿ ಅದನ್ನು ಮಗುಚಿ ಹಾಕಿದೆ.